ಚಾರ್ಟ್ ಇಲ್ಲದ ಕಸೂತಿ

ಕ್ರಾಸ್ ಸ್ಟಿಚ್ ಕಿಟ್ ತರಿಸಿದ್ರೆ ಒಳಗೆ ಚಾರ್ಟ್ ಇರುತ್ತೆ, ಯಾವ ಚೌಕಕ್ಕೆ ಯಾವ ಬಣ್ಣ ಅಂತ. ಧಾರವಾಡದ ಕಸೂತಿಯಲ್ಲೂ ಇದೇ ಹೊಲಿಗೆ ಇದೆ. ಅದಕ್ಕೆ ಮೆಂತ್ಯದ ಹೆಸರು, ಮೆಂತೆ. ಜೊತೆಗೆ ಗವಂತಿ, ಮುರ್ಗಿ, ನೇಗಿ, ಒಟ್ಟು 4.

ಆದ್ರೆ ಹಳೇ ಪದ್ಧತಿಯಲ್ಲಿ ಬಟ್ಟೆ ಮೇಲೆ ಗೆರೆ ಎಳೆಯೋ ಹಾಗಿಲ್ಲ, ಗಂಟು ಹಾಕೋ ಹಾಗೂ ಇಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಂತೂ ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತೆ, ಹೀಗಾಗಿ ಎರಡೂ ಬದಿ ಒಂದೇ ಥರ. ನಾನು ಬಿ.ಕಾಂ. ಹುಡುಗ, ನನ್ನ ಭಾಷೇಲಿ ಹೇಳೋದಾದ್ರೆ, ಒಂದು ಎಳೆ ತಪ್ಪಿದ್ರೂ ಟ್ಯಾಲಿ ಆಗಲ್ಲ.

ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು. ಚಿತ್ರಗಳು ಎಲ್ಲರವೂ. ಯಾವುದು ಎಲ್ಲಿ, ಯಾವ ಬಣ್ಣ ಅನ್ನೋದು ಮಾತ್ರ ಹೊಲಿಯೋಳ ಇಷ್ಟ. ಸೀರೆ ಮೇಲೆ ಆಕೆಯ ಹೆಸರಿರಲ್ಲ, ಈ ಆಯ್ಕೆಯೇ ಆಕೆಯ ಸಹಿ.

ನಮ್ಮಜ್ಜಿಯ ಇಳಕಲ್ ಸೀರೆ ಸೆರಗಿನಲ್ಲಿ ಸಾಲಾಗಿ ಆನೆಗಳಿವೆ. ಒಂದು ಮಾತ್ರ ಹಿಂದಕ್ಕೆ ತಿರುಗಿದೆ. ಲೆಕ್ಕ ತಪ್ಪಿತಾ, ಬೇಕಂತಲೇ ತಿರುಗಿಸಿದ್ಲಾ? ಕೇಳೋಕೆ ಅಜ್ಜಿ ಇಲ್ಲ.

ನಿಮ್ಮನೇಲಿ ಕೇಳೋಕೆ ಯಾರಾದ್ರೂ ಇದ್ರೆ ಇವತ್ತೇ ಟ್ರಂಕ್ ತೆಗೆಸಿ. ಸೀರೆಯ ಫೋಟೊ ಆಮೇಲೆ, ಮೊದ್ಲು ಅವರ ಮಾತು ರೆಕಾರ್ಡ್ ಮಾಡ್ಕೊಳ್ಳಿ.