ಚಿಟ್ಟೆ ತೋಟ

ಚಿಟ್ಟೆಗಳ ಇಡೀ ಜೀವನಚಕ್ರಕ್ಕೆ ಬೇಕಾದ ಸಸ್ಯಗಳನ್ನು, ಮುಖ್ಯವಾಗಿ ಸ್ಥಳೀಯ ಜಾತಿಗಳನ್ನು, ಒಟ್ಟಿಗೆ ಬೆಳೆಸುವ ಉದ್ಯಾನ. ಇದರಲ್ಲಿ ಪ್ರೌಢ ಚಿಟ್ಟೆಗೆ ಮಕರಂದದ ಗಿಡಗಳೂ ಕಂಬಳಿಹುಳುವಿಗೆ ಮೇವಿನ ಗಿಡಗಳೂ ಇರಬೇಕು. ಬರೀ ಹೂವಿದ್ದರೆ ಚಿಟ್ಟೆ ಬಂದುಹೋದೀತು, ಸಂತಾನ ಬೆಳೆಯದು. ಭಾರತದ ಮೊದಲ ಚಿಟ್ಟೆ ಉದ್ಯಾನ 2006ರಲ್ಲಿ ಬೆಂಗಳೂರಿನ ಬನ್ನೇರುಘಟ್ಟದಲ್ಲಿ ಆರಂಭವಾಯಿತು.

ಹೆಣ್ಣು ಚಿಟ್ಟೆ ಸಾಮಾನ್ಯವಾಗಿ ನಿರ್ದಿಷ್ಟ ಸಸ್ಯಗಳ ಮೇಲಷ್ಟೇ ಮೊಟ್ಟೆಯಿಡುತ್ತದೆ. ಲೈಮ್ ಬಟರ್‌ಫ್ಲೈ, ಕಾಮನ್ ಮಾರ್ಮನ್‌ಗಳಿಗೆ ಕರಿಬೇವು ಮತ್ತು ನಿಂಬೆ, ಪ್ಲೇನ್ ಟೈಗರ್‌ಗೆ ಎಕ್ಕ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿ ಮತ್ತು ಅದರ ಬಂಧು ಸಸ್ಯಗಳನ್ನು ನೆಚ್ಚಿದೆ. ಈ ಬಳ್ಳಿಯ ಅರಿಸ್ಟೊಲೋಕಿಕ್ ಆಮ್ಲ ಹುಳುವಿನ ದೇಹದಲ್ಲಿ ಶೇಖರವಾಗಿ ರೆಕ್ಕೆ ಮೂಡಿದ ಮೇಲೂ ಉಳಿಯುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಟೈಗರ್ ಗುಂಪಿನ ಗಂಡುಗಳು ಗಿಲಿಗಿಚ್ಚಿಯ ಒಣ ಭಾಗಗಳಿಂದ ಆಲ್ಕಲಾಯ್ಡ್ ಹೀರಿ, ಹೆಣ್ಣನ್ನು ಸೆಳೆಯುವ ಫೆರೊಮೋನ್ ತಯಾರಿಸುತ್ತವೆ. ಒದ್ದೆ ಮಣ್ಣಿನ ಲವಣ ಹೀರುವವೂ ಬಹುತೇಕ ಗಂಡುಗಳೇ. ಆದ್ದರಿಂದ ತೋಟದಲ್ಲಿ ಕೆಸರಿನ ಮೂಲೆಯೊಂದು ಅಗತ್ಯ.

ಮಕರಂದಕ್ಕೆ ಕೇಪಳ, ತುಂಬೆ ಸೂಕ್ತ. ಅಮೆರಿಕ ಖಂಡ ಮೂಲದ ಲಂಟಾನಕ್ಕೆ ಚಿಟ್ಟೆಗಳು ಮುತ್ತುವುದು ನಿಜವಾದರೂ, ಕಾಡನ್ನೇ ಆಕ್ರಮಿಸುವ ಆ ಕಳೆಯನ್ನು ನೆಡುವುದು ಸಲ್ಲದು. ಕೀಟನಾಶಕ ಪೂರ್ಣ ವರ್ಜ್ಯ. ಹುಳು ತಿಂದು ತೂತಾದ ಎಲೆ ಇಂಥ ತೋಟದಲ್ಲಿ ರೋಗಲಕ್ಷಣವಲ್ಲ.