ಕರುಳಿನ ಗಡ್ಡೆ ನರದ್ದೇ?

ನ್ಯೂರೋಫೈಬ್ರೊಮಾಟೋಸಿಸ್ ಒಂದನೇ ಬಗೆ ಎಂಬ ಆನುವಂಶಿಕ ಕಾಯಿಲೆಯಿಂದ ಮೈಮೇಲೆಲ್ಲ ನ್ಯೂರೋಫೈಬ್ರೊಮಾ, ಅಂದರೆ ನರದ ಗಂಟು, ಇರುವ ರೋಗಿಯ ಸಣ್ಣಕರುಳಿನಲ್ಲಿ ಗಡ್ಡೆ ಸಿಕ್ಕರೆ ಅದನ್ನೂ ನರದ ಗಡ್ಡೆಯೆಂದೇ ದಾಖಲಿಸುವ ರೂಢಿ ಬಹುಕಾಲ ನಡೆಯಿತು. 1882ರಲ್ಲಿ ಫಾನ್ ರೆಕ್ಲಿಂಗ್‌ಹೌಸೆನ್ ತೋರಿಸಿದ ಚರ್ಮದ ಗಂಟು ಮತ್ತು ನರದ ನಂಟು ನಿರ್ವಿವಾದ. ಆದರೆ ಚರ್ಮ ನೋಡಿ ಕರುಳಿಗೆ ಹೆಸರಿಡುವುದು ರೋಗನಿದಾನವಲ್ಲ, ಊಹೆ.

ಈ ಊಹೆಗೆ ಒದಗಿಸುತ್ತಿದ್ದ ಮುಖ್ಯ ಸಾಕ್ಷಿ ಎಸ್-100 ಎಂಬ ಪ್ರೊಟೀನು. ಸೂಕ್ಷ್ಮದರ್ಶಕದಡಿ ಈ ಗಡ್ಡೆಯಲ್ಲಿ ಕದಿರಿನಂತೆ ಎರಡೂ ತುದಿ ಚೂಪಾದ ಕೋಶಗಳು ಕಟ್ಟುಕಟ್ಟಾಗಿ ಕಾಣುತ್ತವೆ. ನಡುವೆ ನೂಲಿನ ಲಡಿಯಂಥ ನಾರಿನ ಉಂಡೆಗಳೂ ಇರುವುದುಂಟು. ಎಸ್-100 ಪರೀಕ್ಷೆಗೆ ಕೆಲವು ಗಡ್ಡೆಗಳು ಅಲ್ಲಲ್ಲಿ ಕಂದು ಬಣ್ಣ ತಳೆಯುತ್ತವೆ. ನರದ ಹೊದಿಕೆಯ ಷ್ವಾನ್ ಕೋಶಗಳಲ್ಲಿ ಈ ಪ್ರೊಟೀನು ಇದೆ, ಆದ್ದರಿಂದ ಗಡ್ಡೆಯೂ ನರದ್ದೇ ಎಂಬುದು ಹಾಗೆ ದಾಖಲಿಸಿದವರ ತರ್ಕ.

ತರ್ಕ ಮುರಿಯುವುದು ಇಲ್ಲೇ. ಕೊಬ್ಬಿನ ಕೋಶ, ಮೃದ್ವಸ್ಥಿಯ ಕೋಶ, ಚರ್ಮಕ್ಕೆ ಬಣ್ಣ ಕೊಡುವ ಕೋಶ, ಎಲ್ಲದರಲ್ಲೂ ಎಸ್-100 ಉಂಟು. ಅಲ್ಲಲ್ಲಿ ಚೆದುರಿದ ಕಂದು ಬಣ್ಣದಿಂದ ಕುಲ ಗುರುತಿಸಲಾಗದು.

1983ರಲ್ಲಿ ಮಜೂರ್ ಮತ್ತು ಕ್ಲಾರ್ಕ್ ಜಠರದ ಇಂಥ ಗಡ್ಡೆಗಳಿಗೆ ‘ಸ್ಟ್ರೋಮಲ್’ (ಆಧಾರ ಅಂಗಾಂಶದ) ಎಂಬ ತಟಸ್ಥ ಹೆಸರು ಕೊಟ್ಟರು. 1991ರಲ್ಲಿ ಫುಲ್ಲರ್ ಮತ್ತು ವಿಲಿಯಮ್ಸ್ ಇದೇ ಆನುವಂಶಿಕ ಕಾಯಿಲೆಯವರ ಕರುಳನ್ನು ಪರಿಶೀಲಿಸಿ, ನರಾಂಶದ ಅತಿಬೆಳವಣಿಗೆಯನ್ನೂ ಸ್ಟ್ರೋಮಲ್ ಗಡ್ಡೆಗಳನ್ನೂ ಬೇರೆಬೇರೆ ಗುಂಪಿಗೆ ಸೇರಿಸಿದರು. ಜೀನ್ ಪರೀಕ್ಷೆಯ ಬಲವಿಲ್ಲದೆ ಮಾಡಿದ ಈ ವಿಂಗಡಣೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ಸ್ಟ್ರೋಮಲ್ ಗಡ್ಡೆಗಳಲ್ಲಿ ಕಿಟ್ ಜೀನಿನ ದೋಷ ಕಂಡರು. ಕರುಳಿನ ಚಲನೆಗೆ ತಾಳ ಹಾಕುವ ಕಹಾಲ್ ಕೋಶಗಳಲ್ಲೂ ಕಿಟ್ ಪ್ರೊಟೀನು ಇರುವುದರಿಂದ ಗಡ್ಡೆಯ ಮೂಲ ಸ್ಪಷ್ಟವಾಯಿತು. ಆದರೆ ನ್ಯೂರೋಫೈಬ್ರೊಮಾಟೋಸಿಸ್ ಒಂದನೇ ಬಗೆಯವರ ಗಡ್ಡೆಗಳಲ್ಲಿ ಕಿಟ್ ಜೀನಿನ ದೋಷ ಸಾಮಾನ್ಯವಾಗಿ ಕಾಣುವುದಿಲ್ಲ. ‘ಹಾಗಾದರೆ ಇವು ಸ್ಟ್ರೋಮಲ್ ಗಡ್ಡೆಗಳೇ ಅಲ್ಲ’ ಎನ್ನುವವರು ಜೀನಿನ ದೋಷವನ್ನೂ ಪ್ರೊಟೀನಿನ ಇರುವಿಕೆಯನ್ನೂ ಒಂದೇ ಎಂದು ಭಾವಿಸುತ್ತಾರೆ. ಕಿಟ್ ಜೀನು ಸರಿಯಿದ್ದರೂ ಈ ಗಡ್ಡೆಗಳ ಕೋಶಗಳ ತುಂಬ ಕಿಟ್ ಪ್ರೊಟೀನು ದಟ್ಟವಾಗಿ ಕಾಣುತ್ತದೆ. ದೋಷವಿರುವುದು 17ನೇ ಕ್ರೋಮೋಸೋಮಿನ ಎನ್ಎಫ್1 ಜೀನಿನಲ್ಲಿ. ಅದರ ಪ್ರೊಟೀನು ಕೋಶ ಬೆಳೆಯಲು ಹೇಳುವ ರಾಸ್ ಸಂಕೇತಕ್ಕೆ ಹಾಕುವ ಕಡಿವಾಣ. ಹುಟ್ಟಿನಿಂದ ಒಂದು ಪ್ರತಿ ಕೆಟ್ಟಿದ್ದವರ ಗಡ್ಡೆಯಲ್ಲಿ ಎರಡನೆಯದೂ ಕೈಕೊಟ್ಟಿರುವುದನ್ನು 2006ರಲ್ಲಿ ಮಾರ್ಟೆನ್ಸ್ ತಂಡ ತೋರಿಸಿತು.

ಹಳಬರ ತಪ್ಪಿಗೆ ಒಂದು ಕಾರಣವನ್ನು ಒಪ್ಪಲೇಬೇಕು. ಇಂಥ ರೋಗಿಗಳ ಕರುಳಿನ ಎರಡು ಸ್ನಾಯುಪದರಗಳ ನಡುವೆ, ಆವರ್‌ಬಾಕ್ ನರಜಾಲಕ್ಕೆ ಅಂಟಿಕೊಂಡೇ ಕಹಾಲ್ ಕೋಶಗಳು ಅತಿಯಾಗಿ ಬೆಳೆಯುತ್ತವೆ. ನೆರೆಯಲ್ಲಿ ನರವಿದ್ದ ಮಾತ್ರಕ್ಕೆ ಗಡ್ಡೆ ನರದ್ದಾಗದು. ನಿಜವಾದ ನ್ಯೂರೋಫೈಬ್ರೊಮಾ ಕರುಳಿನಲ್ಲಿ ಇರುವುದುಂಟು, ಆದರೆ ಅದನ್ನು ಪರೀಕ್ಷೆಯಿಂದಲೇ ಸಾಧಿಸಬೇಕು.

ಇದು ಬರಿಯ ಹೆಸರಿನ ಜಗಳವಲ್ಲ. 2006ರಲ್ಲಿ ಮಿಯೆಟ್ಟಿನೆನ್ ಮತ್ತು ಸಹೋದ್ಯೋಗಿಗಳು ಇಂಥ 45 ರೋಗಿಗಳ ವಿವರ ಪ್ರಕಟಿಸಿದರು. ಹಲವರಲ್ಲಿ ಗಡ್ಡೆ ಒಂದಕ್ಕಿಂತ ಹೆಚ್ಚಿತ್ತು. ಬಹುಪಾಲು ಜನರಿಗೆ ಕಾಯಿಲೆ ಸೌಮ್ಯವಾಗಿಯೇ ಸಾಗಿದರೂ ಕೆಲವರಿಗೆ ಗಡ್ಡೆ ಹರಡಿ ಸಾವು ತಂದಿತು. ಕಿಟ್ ಜೀನಿನ ದೋಷವಿರುವವರಿಗೆ ವರವಾದ ಇಮ್ಯಾಟಿನಿಬ್ ಔಷಧ ಇವರಿಗೆ ಹೆಚ್ಚು ಫಲಿಸದು, ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಆದ್ದರಿಂದ ‘ಕರುಳಿನ ನ್ಯೂರೋಫೈಬ್ರೊಮಾ’ ಎಂಬ ಹಳೆಯ ವರದಿಗಳನ್ನು ಲೆಕ್ಕಕ್ಕೆ ಸೇರಿಸುವ ಮೊದಲು, ಮೇಣದಲ್ಲಿ ಕಾಪಿಟ್ಟ ಆ ತುಣುಕುಗಳನ್ನು ಹೊರತೆಗೆದು ಕಿಟ್ ಪ್ರೊಟೀನಿನ ಪರೀಕ್ಷೆಗೆ ಒಡ್ಡಬೇಕು.