ಜಪಾನಿನ ಮಿಡ್‌ಫೀಲ್ಡ್: ನಕಾತಾ ತೆರೆದ ದಾರಿ

1998ರ ವಿಶ್ವಕಪ್‌ಗೆ ಹೋದ ಜಪಾನ್ ತಂಡದ 22 ಆಟಗಾರರೂ ತಮ್ಮ ದೇಶದ ಕ್ಲಬ್‌ಗಳಲ್ಲೇ ಆಡುತ್ತಿದ್ದವರು. 2022ರಲ್ಲಿ ಕತಾರ್‌ಗೆ ಹೋದ 26 ಮಂದಿಯಲ್ಲಿ 19 ಜನ ಯುರೋಪಿನ ಕ್ಲಬ್‌ಗಳಲ್ಲಿದ್ದರು. ನಡುವಿನ 24 ವರ್ಷಗಳಲ್ಲಿ ಆದದ್ದೇನು ಎಂದು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಎದುರಾಗುವ ಹೆಸರು ಹಿದೆತೋಶಿ ನಕಾತಾ.

ಅವರಿಗಿಂತ ಮೊದಲು ಯಾರೂ ಹೋಗಿರಲಿಲ್ಲ ಎಂದಲ್ಲ. ಯಾಸುಹಿಕೊ ಒಕುದೆರಾ 1977ರಲ್ಲೇ ಜರ್ಮನಿಯ ಕೋಲ್ನ್ ಕ್ಲಬ್ ಸೇರಿ, ಮೊದಲ ವರ್ಷವೇ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ತಂಡದಲ್ಲಿದ್ದರು. ಆದರೆ ಅವರ ಹಿಂದೆ ಸಾಲು ಹುಟ್ಟಲಿಲ್ಲ. ಆಗ ಜಪಾನಿನಲ್ಲಿ ಇದ್ದದ್ದು 1965ರಲ್ಲಿ ಶುರುವಾದ ಕಂಪನಿ ತಂಡಗಳ ಲೀಗ್. ಬಹುಪಾಲು ಆಟಗಾರರು ಆ ಕಂಪನಿಗಳ ನೌಕರರೇ. ವೃತ್ತಿಪರ ಜೆ.ಲೀಗ್ ಬಂದದ್ದು 1993ರ ಮೇನಲ್ಲಿ, 10 ಕ್ಲಬ್‌ಗಳೊಂದಿಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ದೋಹಾದಲ್ಲಿ ಕೊನೇ ಗಳಿಗೆಯಲ್ಲಿ ಇರಾಕ್ ಗೋಲು ಹೊಡೆದು ಪಂದ್ಯವನ್ನು 2-2ಕ್ಕೆ ತಂದಿತು. ಜಪಾನಿಗೆ ವಿಶ್ವಕಪ್ ಕೈತಪ್ಪಿತು. ಅಂದು ಮಿಡ್‌ಫೀಲ್ಡ್‌ನಲ್ಲಿದ್ದವರಲ್ಲಿ ಹಾಜಿಮೆ ಮೊರಿಯಾಸು ಒಬ್ಬರು.

1997ರ ನವೆಂಬರ್‌ನಲ್ಲಿ ಮಲೇಷ್ಯಾದ ಜೊಹೋರ್ ಬಾರುವಿನಲ್ಲಿ ಆ ಬಾಕಿ ತೀರಿತು. ಇರಾನ್ ವಿರುದ್ಧ 3-2. ಮೂರು ಗೋಲುಗಳ ಹಿಂದೆಯೂ ನಕಾತಾ: ಒಂದಕ್ಕೆ ಪಾಸ್, ಒಂದಕ್ಕೆ ಕ್ರಾಸ್, ಕೊನೆಯದಕ್ಕೆ ಗೋಲಿ ತಡೆದು ಬಿಟ್ಟ ಅವರ ಹೊಡೆತ. ಆಗ ಅವರಿಗೆ 20 ವರ್ಷ. ಮರುವರ್ಷ ಇಟಲಿಯ ಪೆರುಜಾಗೆ ಹೋದವರು ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್ ಮೇಲೆ ಎರಡು ಗೋಲು ಹೊಡೆದರು. ಪೆರುಜಾ 3-4ರಲ್ಲಿ ಸೋತರೂ ಜರ್ಸಿ ಮಾರಲು ತಂದ ಆಟಗಾರ ಎಂಬ ಗೊಣಗಾಟಕ್ಕೆ ಅಲ್ಲೇ ಉತ್ತರ ಸಿಕ್ಕಿತು.

2000ದ ಜನವರಿಯಲ್ಲಿ ರೋಮಾ ಸೇರಿದರು. ಆದರೆ ಅವರ ಜಾಗದಲ್ಲಿ ಆಡುತ್ತಿದ್ದವರು ಫ್ರಾನ್ಸೆಸ್ಕೊ ತೊತ್ತಿ. ಮೇಲಾಗಿ ಯುರೋಪಿನ ಹೊರಗಿನ ಆಟಗಾರರ ಸಂಖ್ಯೆಗೆ ಮಿತಿಯಿತ್ತು. ಆ ಮಿತಿ ಸಡಿಲವಾಗಿ ಕೆಲವೇ ದಿನಗಳಾದಾಗ, 2001ರ ಮೇ 6ರಂದು, ಪಟ್ಟಕ್ಕೆ ಪೈಪೋಟಿ ಕೊಡುತ್ತಿದ್ದ ಯುವೆಂಟಸ್ ಜೊತೆ ತೂರಿನ್‌ನಲ್ಲಿ ಪಂದ್ಯ. ರೋಮಾ ಆರಂಭದಲ್ಲೇ 0-2 ಹಿಂದೆ ಬಿತ್ತು. ಒಂದು ಗಂಟೆಯ ಆಟವಾದ ಮೇಲೆ ಕೋಚ್ ಫಾಬಿಯೊ ಕಪೆಲ್ಲೊ ತೊತ್ತಿಯನ್ನೇ ಹೊರಗೆ ಕರೆದು ನಕಾತಾ ಅವರನ್ನು ಇಳಿಸಿದರು. 79ನೇ ನಿಮಿಷದಲ್ಲಿ ಎದುರಾಳಿಯಿಂದ ಚೆಂಡು ಕಿತ್ತುಕೊಂಡ ನಕಾತಾ, ಮುಂದೆ ಸಾಗಿ ದೂರದಿಂದಲೇ ಬಲಗಾಲಲ್ಲಿ ಹೊಡೆದರು. ಚೆಂಡು ಗೋಲಿನ ಮೇಲ್ಮೂಲೆಗೆ ಹೋಯಿತು. ಪಂದ್ಯ ಮುಗಿಯುವ ಹೊತ್ತಿಗೆ ಅವರ ಇನ್ನೊಂದು ಹೊಡೆತವನ್ನು ಗೋಲಿ ವಾನ್ ಡರ್ ಸಾರ್ ಹಿಡಿಯಲಾಗದೆ ಬಿಟ್ಟಾಗ ಮೊಂತೆಲ್ಲಾ ಅದನ್ನು ಒಳಗೆ ತಳ್ಳಿದರು. 2-2. ಮುಂದಿನ ತಿಂಗಳು ರೋಮಾ ಚಾಂಪಿಯನ್. ಅರ್ಧ ಗಂಟೆಯ ಆ ಆಟಕ್ಕೆ ಇಡೀ ಋತುವಿನ ತೂಕವಿತ್ತು ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಪಾರ್ಮಾ, ಬೊಲೋನ್ಯಾ, ಫಿಯೊರೆಂತಿನಾ, ಬೋಲ್ಟನ್ ನಂತರ, 2006ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಎದುರು 1-4ರಲ್ಲಿ ಸೋತಾಗ ಅವರು ಡಾರ್ಟ್‌ಮಂಡ್ ಮೈದಾನದ ನಡುವೆ ಬಹಳ ಹೊತ್ತು ಅಂಗಾತ ಮಲಗಿಬಿಟ್ಟರು. ಕೆಲವೇ ದಿನಗಳಲ್ಲಿ ನಿವೃತ್ತಿ ಘೋಷಣೆ. ವಯಸ್ಸು 29, ದೇಶಕ್ಕಾಗಿ ಆಡಿದ್ದು 77 ಪಂದ್ಯ.

ಅಷ್ಟರಲ್ಲಿ ದಾರಿ ಅಗಲವಾಗಿತ್ತು. ಶಿಂಜಿ ಒನೊ 2002ರಲ್ಲಿ ಫೆಯೆನೂರ್ಡ್ ಜೊತೆ ಯುಇಎಫ್‌ಎ ಕಪ್ ಗೆದ್ದಿದ್ದರು. ಅದೇ ವರ್ಷ ತವರಿನ ವಿಶ್ವಕಪ್ ತಂಡದಿಂದ ಹೊರಗುಳಿದ ಶುನ್ಸುಕೆ ನಕಾಮುರಾ, 2006ರ ನವೆಂಬರ್‌ನಲ್ಲಿ ಸೆಲ್ಟಿಕ್ ಪರ ಎಡಗಾಲಿನ ಫ್ರೀ ಕಿಕ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1-0ಯಿಂದ ಸೋಲಿಸಿದರು. ಯಾಸುಹಿತೊ ಎಂದೊ ಮಾತ್ರ ಯುರೋಪಿಗೆ ಹೋಗದೆಯೇ ದಾಖಲೆಯ 152 ಪಂದ್ಯ ಆಡಿದರು. ವಿದೇಶಕ್ಕೆ ಹೋದವರನ್ನಷ್ಟೇ ಎಣಿಸುವವರು ಅವರನ್ನು ಮರೆಯಬಾರದು.

ಮಕೊತೊ ಹಾಸೆಬೆ ಅವರದು ಬೇರೆಯೇ ಬಗೆ. ಗೋಲಿಗೆ ದಾರಿ ಮಾಡುವುದಕ್ಕಿಂತ ಎದುರಾಳಿಯ ದಾರಿ ಮುಚ್ಚುವುದು ಅವರ ಕೆಲಸ. ಕೊನೆಯ ವರ್ಷಗಳಲ್ಲಿ ರಕ್ಷಣಾ ಸಾಲಿನ ನಡುವೆಯೇ ನಿಂತರು. 2008ರಿಂದ 2024ರವರೆಗೆ ಜರ್ಮನಿಯಲ್ಲೇ ಉಳಿದು ವೋಲ್ಫ್ಸ್‌ಬರ್ಗ್ ಜೊತೆ ಲೀಗ್, ಫ್ರಾಂಕ್‌ಫರ್ಟ್ ಜೊತೆ ಜರ್ಮನ್ ಕಪ್ ಹಾಗೂ ಯುರೋಪಾ ಲೀಗ್ ಗೆದ್ದರು. ಮೂರು ವಿಶ್ವಕಪ್‌ಗಳಲ್ಲಿ ನಾಯಕರಾಗಿದ್ದರು. ಬೂಟು ಕಳಚಿದಾಗ 40 ವರ್ಷ.

ನಕಾತಾ ಕೋಚ್ ಆಗಲು ಬರಲಿಲ್ಲ; ಊರೂರು ಸುತ್ತಿ, ಜಪಾನಿನ ಸಾಕೆ ಮದ್ಯವನ್ನು ಜಗತ್ತಿಗೆ ಪರಿಚಯಿಸುವ ಕೆಲಸಕ್ಕೆ ಹೋದರು. ಹಾಸೆಬೆ 2024ರಲ್ಲಿ ರಾಷ್ಟ್ರೀಯ ತಂಡದ ತರಬೇತಿ ಬಳಗ ಸೇರಿದ್ದಾರೆ. ಅಲ್ಲಿ ಅವರಿಗೆ ಮೇಲಿನವರು ಮೊರಿಯಾಸು. 2022ರಲ್ಲಿ ಕತಾರ್‌ನಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ 2-1ರಿಂದ ಸೋಲಿಸಿದ ತಂಡದ ಮುಖ್ಯ ಕೋಚ್ ಅವರೇ.